ಒಂದೇ ಕೈಯಾಗ ಪಿಸ್ತೂಲ್: ಟೇಬಲ್ ಹೆಂಗ ಎರಡನೇ ಕೈ ಆಗ್ತದ

ತೊಗರಿ ರಾಶಿ ಟೈಮಿನ್ಯಾಗ ಶಹಾಪುರ ಕಡಿಂದ ಒಬ್ಬ ಹುಡುಗ ನಮ್ಮ ಶೂಟಿಂಗ್ ಶೆಡ್ಡಿಗೆ ಬಂದಿದ್ದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಎರಡು ವರ್ಷದ ಹಿಂದ ರಾಶಿ ಮಷೀನ್‌ನ್ಯಾಗ ಎಡಗೈ ಮೊಣಕೈ ತನಕ ಹೋಗ್ಯದ. ಒಳಗ ಬರಲೇ ಇಲ್ಲ, ಬಾಗಿಲದಾಗೇ ನಿಂತು ಕೇಳಿದ, "ಅಣ್ಣಾ, ಒಂದೇ ಕೈಯಿಂದ ಪಿಸ್ತೂಲ್ ಹೊಡೀಲಾಕ ಬರ್ತದೇನು?" ನಾನು ಬಾಯಿಲೆ ಏನೂ ಹೇಳಲಿಲ್ಲ, ನನ್ನ ಎಡಗಡಿ ತೋಳು ಮ್ಯಾಲ ಎತ್ತಿ ತೋರಿಸಿದೆ. ನಂದೂ ಅದೇ ಮಷೀನ್, ಅದೇ ಮೊಣಕೈ, ವರ್ಷ ಅಷ್ಟೇ ಬ್ಯಾರೆ. ಆಮ್ಯಾಲ ಇಬ್ಬರೂ ಕುಂತು ಚಹಾ ಕುಡಿದು ಮಾತಾಡಿದ್ವಿ, ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಜರಾ ಬಿಡಿಸಿ ಬರೀಲಾಕತ್ತೀನಿ, ಯಾಕಂದ್ರ ಇಂಥ ಹುಡುಗರು ಕಲಬುರಗಿ, ಯಾದಗಿರಿ, ಬೀದರ್ ಕಡಿ ಹಳ್ಳಿ ಹಳ್ಳಿಯಾಗ ಅದಾರ, ಅವರಿಗೆ ಕನ್ನಡದಾಗ ಇದನ್ನ ಯಾರೂ ಹೇಳಂಗಿಲ್ಲ.

ಮೊದಲನೇ ಮಾತು, 10 ಮೀಟರ್ ಏರ್ ಪಿಸ್ತೂಲ್ ಅನ್ನೋ ಆಟ ರೂಲ್ ಪ್ರಕಾರನೇ ಒಂದು ಕೈಯಿನ ಆಟ. ಎರಡು ಕೈ ಇದ್ದವರೂ ಒಂದೇ ಕೈಯಿಂದ ಹಿಡಿದು ಹೊಡೀಬೇಕು, ಇನ್ನೊಂದು ಕೈ ಆಸರಾ ಕೊಡಂಗಿಲ್ಲ, ಮಣಿಕಟ್ಟಿಗೆ ಪಟ್ಟಿ ಕಟ್ಟಂಗಿಲ್ಲ. ಹಿಂದ ಕುದುರಿ ಮ್ಯಾಲಿನ ಸಿಪಾಯಿಗೆ ಒಂದು ಕೈಯಾಗ ಲಗಾಮು ಇರ್ತಿತ್ತು, ಇನ್ನೊಂದರಾಗಷ್ಟೇ ಪಿಸ್ತೂಲು, ಆ ಕಾಲದ ಹಿಡಿತನೇ ಆಟದಾಗ ಉಳಕೊಂಡದ. ಪ್ಯಾರಿಸ್‌ದಾಗ 2024ಕ್ಕ ಮನು ಭಾಕರ್ ಎರಡು ಕಂಚು ತಂದ್ರಲ್ಲ, ಆ ವಿಡಿಯೋ ಮತ್ತೊಮ್ಮೆ ನೋಡ್ರಿ, ಗುರಿ ಹಿಡಿದಾಗ ಅವರ ಎಡಗೈ ಏನೂ ಕೆಲಸ ಮಾಡಂಗಿಲ್ಲ. ಅಂದ್ರ ಗುರಿ ಹಿಡಿದು ಹೊಡಿಯೋ ಆ ಏಳೆಂಟು ಸೆಕೆಂಡಿನ್ಯಾಗ ನಾವೂ ಅವರೂ ಒಂದೇ.

ಇದು ಸಮಾಧಾನದ ಮಾತಲ್ಲ. ಹಂಗರಿಯ ಕಾರೋಯ್ ಟಾಕಾಚ್ ಅಂತ ಒಬ್ಬ ಮಿಲಿಟರಿ ಮನುಷ್ಯ, 1938ರಾಗ ಟ್ರೇನಿಂಗ್ ಟೈಮಿನ್ಯಾಗ ಗ್ರೆನೇಡ್ ಒಡೆದು ಬಲಗೈ ಹೋಯ್ತು, ಅದೇ ಅವನ ಶೂಟಿಂಗ್ ಕೈ. ಎಡಗೈಲೆ ಮೊದಲಿಂದ ಕಲಿತ, ಮುಂದಿನ ವರ್ಷನೇ ತನ್ನ ದೇಶದ ಚಾಂಪಿಯನ್ ಆದ. 1940, 1944ರ ಒಲಿಂಪಿಕ್ಸ್ ಯುದ್ಧದ ಸಲುವಾಗಿ ನಡೀಲೇ ಇಲ್ಲ, ಅವ ಕಾದ, 1948ಕ್ಕ ಲಂಡನ್‌ದಾಗ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ್ಯಾಗ ಬಂಗಾರ, 1952ಕ್ಕ ಹೆಲ್ಸಿಂಕಿಯಾಗ ಮತ್ತ ಬಂಗಾರ. ನಮ್ಮ ದೇಶದಾಗ ಮನೀಶ್ ನರ್ವಾಲ್, ಹುಟ್ಟಿನಿಂದಲೇ ಬಲಗೈ ದೋಷ, ಎಡಗೈಲೆ ಹೊಡೀತಾರ, ಟೋಕಿಯೋ ಪ್ಯಾರಾಲಿಂಪಿಕ್ಸ್‌ದಾಗ 50 ಮೀಟರ್ ಪಿಸ್ತೂಲಿಗೆ ಬಂಗಾರ, ಪ್ಯಾರಿಸ್‌ದಾಗ 10 ಮೀಟರ್ ಏರ್ ಪಿಸ್ತೂಲಿಗೆ ಬೆಳ್ಳಿ.

ಹಂಗಾರ ನಮಗ ಕಷ್ಟ ಎಲ್ಲದ? ಹೊಡಿಯೋದ್ರಾಗ ಇಲ್ಲ, ಹೊಡಿಯೋಕಿನ ಮೊದಲೂ ಆಮ್ಯಾಲೂ ಅದ. ಡಬ್ಬಿ ತೆಗಿಯೋದು, ಸೀಸದ ಸಣ್ಣ ಗುಂಡು ಅಂದ್ರ ಛರ‍್ರಿ ಹಾಕೋದು, ಲಿವರ್ ಎಳಿಯೋದು, ಛರ‍್ರಿ ಸಿಕ್ಕೊಂಡ್ರ ಬಿಡಿಸೋದು, ಬೆವರು ಒರಸೋದು, ಚಷ್ಮಾ ಮ್ಯಾಲ ಮಾಡೋದು. ಎರಡು ಕೈ ಇದ್ದವರಿಗೆ ಒಂದು ಕೈ ಪಿಸ್ತೂಲ್ ಹಿಡಿದು ಗುರಿ ಕಡಿ ಮುಖ ಮಾಡಿ ಇಟ್ಟಿರ್ತದ, ಉಳಿದ ಕೆಲಸ ಎಲ್ಲಾ ಇನ್ನೊಂದು ಕೈ ಮಾಡ್ತದ, ಹಂಗ ಮಾಡ್ಲಾಕತ್ತೀವಿ ಅಂತ ಅವರಿಗೆ ಗೊತ್ತೂ ಇರಂಗಿಲ್ಲ. ನಮಗ ಹಿಡಿಯೋ ಕೈನೂ ಅದೇ, ಕೆಲಸದ ಕೈನೂ ಅದೇ, ಎರಡೂ ಒಂದೇ ಟೈಮಿಗೆ ಮಾಡ್ಲಾಕ ಹೋದ್ರ ಪಿಸ್ತೂಲಿನ ಮೂತಿ ಎತ್ತಕಡಿ ತಿರುಗ್ತದೋ ಗೊತ್ತೇ ಆಗಂಗಿಲ್ಲ.

ನನಗ ಇದು ಗೊತ್ತಾಗಿದ್ದು ತಪ್ಪು ಮಾಡಿ. ಕಲೀಲಾಕ ಶುರು ಮಾಡಿ ಒಂದು ವಾರ ಆಗಿತ್ತು, ಛರ‍್ರಿ ಹಾಕಿ ಪಿಸ್ತೂಲ್ ಕೈಯಾಗ ತೊಗೊಂಡಿದ್ದೆ, ಮೊಣಕೈ ತಗಲಿ ಛರ‍್ರಿ ತಟ್ಟಿ ಟೇಬಲ್ ಅಂಚಿಂದ ಜಾರಿತು. ಬೀಳೋ ವಸ್ತು ಹಿಡೀಲಾಕ ಮನುಷ್ಯನ ಕೈ ತಾನೇ ಹೋಗ್ತದ, ನಂದು ಇದ್ದಿದ್ದೇ ಒಂದು ಕೈ, ಅದರಾಗ ಪಿಸ್ತೂಲು. ಅದು ಬಲಗಡಿ ಕೆಳಗ ಹೋಯ್ತು, ಮೂತಿ ಬಾಜೂ ಲೇನಿನ್ಯಾಗ ನಿಂತಿದ್ದ ಹುಡುಗಿಯ ಕಾಲಿನ ಮ್ಯಾಲಿಂದ ದಾಟಿ ಹೋಯ್ತು, ಆವಾಗ ಬೆರಳು ಟ್ರಿಗರ್ ಮ್ಯಾಲ ಇರಲಿಲ್ಲ ಅಂತ ಬಚಾವ್. ಕಲಿಸೋ ಸರ್ ಒದರಿದ್ದು ಇವತ್ತಿಗೂ ಕಿವಿಯಾಗ ಅದ. ಮನೀಗೆ ಹೋಗಿ ಆ ರಾತ್ರಿ ನಿದ್ದಿ ಹತ್ತಲಿಲ್ಲ, ಆ ಹುಡುಗಿ ಮಾತ್ರ ಮರುದಿನ ಬಂದು ತನ್ನ ಲೇನಿನ್ಯಾಗೇ ನಿಂತಳು.

ಮರುದಿನದಿಂದ ಸರ್ ನನಗ ಒಂದೇ ಪಾಠ ಹೇಳಿದ್ರು, ಟೇಬಲ್ಲೇ ನಿನ್ನ ಎರಡನೇ ಕೈ. ಪಿಸ್ತೂಲ್ ಕೈಯಾಗ ಇದ್ದಾಗ ಗುರಿ ಹಿಡಿಯೋದು ಹೊಡಿಯೋದು ಬಿಟ್ಟು ಮತ್ತ ಯಾವ ಕೆಲಸನೂ ಇಲ್ಲ. ಬ್ಯಾರೆ ಏನೇ ಮಾಡಬೇಕಾದ್ರೂ, ನೊಣ ಓಡಸಬೇಕಾದ್ರೂ ಸೈತ, ಮೊದಲು ಬೆರಳು ಟ್ರಿಗರ್ ಬಿಟ್ಟು ಹೊರಗ, ಆಮ್ಯಾಲ ಪಿಸ್ತೂಲ್ ಟೇಬಲ್ ಮ್ಯಾಲ, ಮೂತಿ ಗುರಿ ಕಡಿ, ಆಮ್ಯಾಲ ಕೈ ಬಿಡೋದು, ಆಮ್ಯಾಲ ನೊಣ. ಬಿದ್ದದ್ದು ಬೀಳಲಿ, ಛರ‍್ರಿ ಬಿದ್ರೂ, ಫೋನ್ ಬಿದ್ರೂ, ಪಿಸ್ತೂಲೇ ಕೈಯಿಂದ ಜಾರಿ ಬಿದ್ರೂ ನಡುಗಾಳ್ಯಾಗ ಹಿಡೀಲಾಕ ಹೋಗಬಾರದು, ಜಾರೋ ಪಿಸ್ತೂಲ್ ಹಿಡೀಲಾಕ ಹೋದಾಗ ಬೆರಳು ಸಿಗೋದು ಟ್ರಿಗರಿಗೇ. ರೇಂಜಿನ್ಯಾಗ ಏನಾರ ತೊಂದರಿ ಆದ್ರ ಖಾಲಿ ಕೈ ಎತ್ತಿ ಆಫೀಸರ್‌ನ ಕರೀರಿ ಅಂತಾರ, ನಮ್ಮ ಹತ್ರ ಖಾಲಿ ಕೈ ಇಲ್ಲ, ಹಂಗಾಗಿ ಮೊದಲು ಇಡಬೇಕು, ಆಮ್ಯಾಲೇ ಎತ್ತಬೇಕು. ಹೊಸ ರೇಂಜಿಗೆ ಹೋದ್ರ ಇದನ್ನ ಆಫೀಸರಿಗೆ ಮೊದಲೇ ಹೇಳಿ ಇಟ್ಟಿರ್ತೀನಿ.

ಛರ‍್ರಿ ಹಾಕೋದು ಹೆಂಗಂತ ಹತ್ರದಿಂದ ಹೇಳ್ತೀನಿ. ಟೇಬಲ್ ಮ್ಯಾಲ ಒಂದು ಕಟ್ಟಿಗಿ ಸ್ಟ್ಯಾಂಡ್ ಅದ, ನಮ್ಮ ಓಣಿ ಬಡಿಗೇರ ಕಾಕಾ ಮಾಡಿಕೊಟ್ಟಿದ್ದು, ಕೆಳಗ ಸೈಕಲ್ ಟ್ಯೂಬಿನ ರಬ್ಬರ್ ಹಚ್ಯಾರ, ದೂಡಿದ್ರೂ ಜರುಗಂಗಿಲ್ಲ. ಪಿಸ್ತೂಲ್ ಅದರ ಮ್ಯಾಲ ಕುಂತ್ರ ಮೂತಿ ನೆಟ್ಟಗ ಗುರಿ ಕಡಿ. ಕೈ ಹಿಡಿಯಿಂದ ಪೂರಾ ಬಿಡಿಸಿ, ಅದೇ ಕೈಲೆ ಲಿವರ್ ಎತ್ತಿ ಹಿಂದಕ ತರ್ತೀನಿ. ತಟ್ಟಿಯಿಂದ ಒಂದು ಛರ‍್ರಿ ತೊಗೊಂಡು, ನಾಲ್ಕೂವರೆ ಮಿಲಿಮೀಟರಿನ ಸೀಸದ ಗುಂಡು ಅದು, ಕರೀ ಮೆಣಸಿನ ಕಾಳಿನಷ್ಟು ಅಷ್ಟೇ, ಅಂಚು ಒತ್ತಿದ್ರ ಚಪ್ಪಟಿ ಆಗ್ತದ, ಹಂಗಾಗಿ ಉಗುರು ತಾಗದಂಗ ಬೆರಳ ತುದಿಲೆ ಹಿಡಿದು ನಳಿಗಿ ಬಾಯಿಗೆ ಇಟ್ಟು ಹೆಬ್ಬೆರಳಲೆ ಒಳಗ ದೂಡ್ತೀನಿ. ಲಿವರ್ ಮುಚ್ಚಿ ಆಮ್ಯಾಲೇ ಹಿಡಿಗೆ ಕೈ ಹಾಕೋದು, ತೋರುಬೆರಳು ಚೌಕಟ್ಟಿನ ಬಾಜೂ ಉದ್ದಕ ಚಾಚಿ. ಮೊದಲ ತಿಂಗಳು ಒಂದು ಛರ‍್ರಿಗೆ ಒಂದು ನಿಮಿಷ ಹಿಡೀತಿತ್ತು. ಮ್ಯಾಚಿನ್ಯಾಗ 60 ಹೊಡತಕ್ಕ 75 ನಿಮಿಷ ಕೊಡ್ತಾರ, ಎಲೆಕ್ಟ್ರಾನಿಕ್ ಟಾರ್ಗೆಟ್ ಮ್ಯಾಲ, ಹಂಗಾಗಿ ಗಡಿಬಿಡಿ ಏನೂ ಬ್ಯಾಡ, ಆದ್ರ ಒಂದೊಂದು ಹೊಡತಕ್ಕ ಸವಾ ನಿಮಿಷ ಅಷ್ಟೇ ಬರ್ತದ, ಈ ಕೆಲಸ ಇಪ್ಪತ್ತು ಸೆಕೆಂಡಿನ್ಯಾಗ ಮುಗಿದ್ರ ಕೈಗೆ ದಮ್ ತೊಗೊಳ್ಳಾಕ ಟೈಮ್ ಉಳೀತದ.

ಇಲ್ಲೇ ನಮಗ ಮಾತ್ರ ಬರೋ ಇನ್ನೊಂದು ತೊಂದರಿ ಅದ, ಯಾವ ಕೋಚೂ ಮೊದಲು ಹೇಳಿರಂಗಿಲ್ಲ. ಎರಡು ಕೈ ಇದ್ದವರು ಒಮ್ಮೆ ಹಿಡಿ ಹಿಡಿದ್ರಂದ್ರ ಭಾಳ ಹೊತ್ತು ಬಿಡಂಗಿಲ್ಲ, ಎಡಗೈಲೆ ಛರ‍್ರಿ ಹಾಕ್ಕೋತ ಹೋಗ್ತಾರ. ನಾವು 60 ಸಲ ಬಿಡ್ತೀವಿ, 60 ಸಲ ಹೊಸದಾಗಿ ಹಿಡೀತೀವಿ. ಒಂದೊಂದು ಸಲ ಅಂಗೈ ಒಂದು ಕೂದಲೆಳಿ ಆಚೀಚೆ ಕುಂತ್ರೂ ಛರ‍್ರಿ ಬ್ಯಾರೆ ಕಡಿ ಹೋಗ್ತದ, ಗುರಿ ಸರಿ ಇತ್ತಲ್ಲ ಯಾಕ ಹತ್ತರ ಬದಲಿ ಎಂಟೇ ಅಂಕ ಬಿತ್ತು ಅಂತ ತಲಿ ಕೆಟ್ಟು ಹೋಗ್ತದ. ಇದಕ್ಕ ಔಷಧ ಅಂದ್ರ ಹಿಡಿನೇ. ಮ್ಯಾಚ್ ಪಿಸ್ತೂಲಿನ ಹಿಡಿ ಕಟ್ಟಿಗೀದು, ಅಂಗೈಯಿನ ಆಕಾರಕ್ಕ ಕೆತ್ತಿರ್ತಾರ, ಕೆಳಗ ಒಂದು ಕಟ್ಟಿ ಇರ್ತದ, ಅದು ಮ್ಯಾಲ ಕೆಳಗ ಆಗ್ತದ, ಅಂಗೈ ಅದರ ಮ್ಯಾಲ ಕೂಡ್ತದ. ಎಲ್ಲಿ ಸಂದು ಉಳೀತದೋ ಅಲ್ಲಿ ಕಟ್ಟಿಗಿ ಪುಟ್ಟಿ ತುಂಬಿ, ಹಸಿ ಇದ್ದಾಗಲೇ ಹಿಡಿದು ಅಚ್ಚು ಬೀಳಿಸಿ, ಒಣಗಿದ ಮ್ಯಾಲ ಉಪ್ಪುಕಾಗದ ತಿಕ್ಕಬೇಕು. ನಾನು ನನ್ನ ಹಿಡಿಗೆ ಒಂಬತ್ತು ಸಲ ಪುಟ್ಟಿ ಹಾಕೀನಿ. ಈಗ ಕಣ್ಣು ಮುಚ್ಚಿ ಕೈ ಹಾಕಿದ್ರೂ ಹೆಬ್ಬೆರಳು ತೋರುಬೆರಳಿನ ನಡುವಿನ ಸಂದು ಅದೇ ಜಾಗಕ್ಕ ಹೋಗಿ ಕೂಡ್ತದ, ಚಪ್ಪಲಿಗೆ ಕಾಲು ಹೋದಂಗ. ಕೈ ಹಾಕೋ ಕ್ರಮನೂ ಒಂದೇ ಇರಬೇಕು, ನಂದು ಮೊದಲು ಆ ಸಂದು ಹಿಂದಕ ಒತ್ತೋದು, ಆಮ್ಯಾಲ ನಡುಬೆರಳು, ಕಡೀಕ ಉಳಿದ ಎರಡು. ಎಡಗೈಲೆ ಹೊಡಿಯೋರಿಗೆ ಎಡಗೈ ಹಿಡಿನೇ ಬೇಕು, ಸೆಕೆಂಡ್ ಹ್ಯಾಂಡ್ ಅಂತ ಅಗ್ಗಕ್ಕ ಸಿಕ್ಕ ಬಲಗೈ ಹಿಡಿ ತೊಗೊಂಡು ಹೊಂದಸ್ಕೊಂಡು ಹೋಗ್ತೀನಿ ಅನ್ಬ್ಯಾಡ್ರಿ, ಆಗಂಗಿಲ್ಲ.

ಹಿಡಿತಕ್ಕ ಇಷ್ಟು ಒದ್ದಾಡೋದು ಯಾಕ ಅಂದ್ರ ಇದರ ಹಿಂದ ಒಂದು ಸಾದಾ ಲೆಕ್ಕ ಅದ. ಪಿಸ್ತೂಲಿನ ಹಿಂದ ನಡುವ ಸಂದು ಕೊರೆದ ಒಂದು ತಗಡು ಇರ್ತದ, ಅದಕ್ಕ ಗಾಡಿ ಅಂತೀವಿ, ಮುಂದ ಒಂದು ಕಡ್ಡಿ, ಗಾಡಿ ನಡುವ ಕಡ್ಡಿ ಕಾಣಬೇಕು, ಎರಡೂ ಬಾಜೂ ಬೆಳಕು ಸಮ ಇರಬೇಕು, ತಲಿ ಸಮ ಇರಬೇಕು. ಎರಡರ ನಡುವಿನ ದೂರ ಸುಮಾರು 32 ಸೆಂಟಿಮೀಟರ್ ಅಂತ ಇಟ್ಕೊಳ್ರಿ, 10 ಮೀಟರ್ ಅಂದ್ರ ಅದರ 31 ಪಟ್ಟು. ಕಡ್ಡಿ ಗಾಡಿ ಒಳಗ ಒಂದೇ ಒಂದು ಮಿಲಿಮೀಟರ್ ಬಲಕ್ಕ ಸರೀತು ಅಂದ್ರ ಛರ‍್ರಿ ಗುರಿಯಾಗ 31 ಮಿಲಿಮೀಟರ್ ಬಲಕ್ಕ ಬೀಳ್ತದ, ಅಂದ್ರ ಏಳು. ಅದೇ ಕಡ್ಡಿ ಗಾಡಿ ಎರಡೂ ಸರಿ ಇದ್ದು ಇಡೀ ಕೈ ಐದು ಮಿಲಿಮೀಟರ್ ಆಚೆ ಹೋದ್ರ ಛರ‍್ರಿನೂ ಐದೇ ಮಿಲಿಮೀಟರ್ ಆಚೆ ಬೀಳ್ತದ, ಅದು ಇನ್ನೂ ಹತ್ತೇ, ಯಾಕಂದ್ರ ಹತ್ತರ ವೃತ್ತ 11.5 ಮಿಲಿಮೀಟರ್ ಅಗಲ, ಛರ‍್ರಿ ಅಂಚು ಅದಕ್ಕ ತಾಗಿದ್ರೂ ಸಾಕು. ಈ ಲೆಕ್ಕ ತಿಳಿದ ದಿನ ನನಗ ತಲಿ ಮ್ಯಾಲಿನ ಮೂಟಿ ಇಳಿದಂಗ ಆಯ್ತು. ಕೈ ನಡಗ್ತದ, ಎಲ್ಲರದೂ ನಡಗ್ತದ, ನಡಗಲಿ. ಮಣಿಕಟ್ಟು ಮುರೀಬಾರದು ಅಷ್ಟೇ. ಕಣ್ಣು ಗುರಿ ಮ್ಯಾಲ ಅಲ್ಲ, ಮುಂದಿನ ಕಡ್ಡಿ ಮ್ಯಾಲ ಇರಬೇಕು, ಗುರಿ ಮಬ್ಬ ಕಂಡ್ರ ಕಾಣಲಿ. ಕರೀ ವೃತ್ತದ ಮ್ಯಾಲೇ ಕರೀ ಕಡ್ಡಿ ಇಟ್ರ ಎರಡೂ ಕಲತು ಹೋಗ್ತಾವ, ಅದಕ್ಕ ಕರೀದರ ಕೆಳಗ ಬಿಳೀ ಜಾಗದಾಗ ಹಿಡಿದು, ಛರ‍್ರಿ ಮ್ಯಾಲ ಬೀಳೋ ಹಂಗ ಗಾಡಿ ಸೆಟ್ ಮಾಡ್ಕೋತಾರ.

ಟ್ರಿಗರ್ ಭಾರ ಏರ್ ಪಿಸ್ತೂಲಿಗೆ ಕಮ್ಮಿ ಅಂದ್ರ 500 ಗ್ರಾಂ, ಅರ್ಧ ಲೀಟರ್ ನೀರಿನ ತೂಕ, ಮ್ಯಾಚಿನಕಿನ ಮೊದಲು ತೂಕದ ಬಟ್ಟು ಹಾಕಿ ನೋಡ್ತಾರ. ಪಿಸ್ತೂಲೇ ಒಂದು ಕೇಜಿ ಆಸುಪಾಸು, ದೀಡ್ ಕೇಜಿಗಿಂತ ಹೆಚ್ಚು ಇರಂಗಿಲ್ಲ. ಬೆರಳು ಒಂದೇ ಅಲ್ಲಾಡಬೇಕು, ಉಳಿದ ಕೈ ಕಲ್ಲಿನಂಗ. ಉಸುರು ಅರ್ಧ ಬಿಟ್ಟು ನಿಲ್ಲಿಸಿ, ಏಳೆಂಟು ಸೆಕೆಂಡಿನ್ಯಾಗ ಹೊಡತ ಬಿಡಲಿಲ್ಲ ಅಂದ್ರ ಕೈ ಇಳಸಬೇಕು. ಇಳಸೋದು ಸೋಲಲ್ಲ, ನಾನು ಒಂದೊಂದು ಹೊಡತಕ್ಕ ಮೂರು ಮೂರು ಸಲ ಇಳಸ್ತೀನಿ. ಮನಿಯಾಗ ಲೀಟರ್ ನೀರಿನ ಬಾಟ್ಲಿ ಹಿಡಿದು ಕೈ ಚಾಚಿ ನಿಲ್ಲೋದು, ಬಿಳೀ ಗೋಡಿಗೆ ಗುರಿ ಇಲ್ಲದೇ ಖಾಲಿ ಪಿಸ್ತೂಲಿಂದ ಟ್ರಿಗರ್ ಒತ್ತೋದು, ಇವೆರಡು ದಿನಾ ಮಾಡಿದ್ರ ಛರ‍್ರಿ ಖರ್ಚಿಲ್ಲದೇ ಕೈ ಕಲೀತದ. ಖಾಲಿ ಅಂತ ಖಾತ್ರಿ ಮಾಡ್ಕೊಳ್ಳೋದು ಎರಡು ಸಲ, ಒಮ್ಮೆ ಕಣ್ಣಿಲೆ, ಒಮ್ಮೆ ಬೆರಳಿಲೆ, ಮತ್ತ ಆ ಖೋಲ್ಯಾಗ ಛರ‍್ರಿ ಡಬ್ಬಿನೇ ಇರಬಾರದು.

ನಿಲ್ಲೋದ್ರಾಗ ನಮಗ ಒಂದು ಫರಕ್ ಬರ್ತದ. ಒಂದು ತೋಳು ಇಲ್ಲ ಅಂದ್ರ ಮೈಯಿನ ತೂಕ ಒಂದು ಕಡಿ ಕಮ್ಮಿ, ಇನ್ನೊಂದು ಕಡಿ ಚಾಚಿದ ತೋಳು, ಅದರ ತುದಿಗೆ ಒಂದು ಕೇಜಿ, ಮೈ ತಾನೇ ಆ ಕಡಿ ವಾಲ್ತದ. ಮೇಷ್ಟ್ರು ಎಲ್ಲರಿಗೂ ಹೇಳೋ ಅಳತಿ ಹಾಕಿ ನಿಲ್ಲಬ್ಯಾಡ್ರಿ. ಕಣ್ಣು ಮುಚ್ಚಿ ಕೈ ಎತ್ರಿ, ಕಣ್ಣು ತೆಗೀರಿ, ಪಿಸ್ತೂಲ್ ಗುರಿಯ ಎಡಕ್ಕ ಹೋಗಿದ್ರ ಕೈ ಎಳೀಬ್ಯಾಡ್ರಿ, ಹಿಂದಿನ ಕಾಲು ಜರುಗಿಸ್ರಿ, ಮತ್ತ ಕಣ್ಣು ಮುಚ್ರಿ. ತಾನೇ ಗುರಿಗೆ ಹೋಗಿ ನಿಲ್ಲೋ ತನಕ ಮಾಡಬೇಕು. ಬಲಗೈ ಹೋಗಿ ಎಡಗೈಲೆ ಶುರು ಮಾಡಿದವರಿಗೆ ಕಣ್ಣಿನ ಪ್ರಶ್ನೆನೂ ಬರ್ತದ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ಅದರೊಳಗಿಂದ ದೂರದ ಲೈಟ್ ಕಂಬ ನೋಡ್ರಿ, ಒಂದೊಂದು ಕಣ್ಣು ಮುಚ್ಚಿ ನೋಡ್ರಿ, ಯಾವ ಕಣ್ಣಿಗೆ ಕಂಬ ಉಂಗುರದಾಗೇ ಉಳೀತದೋ ಅದು ನಿಮ್ಮ ಗುರಿ ಕಣ್ಣು. ಕೈ ಎಡ, ಕಣ್ಣು ಬಲ ಆದ್ರೂ ಪಿಸ್ತೂಲಿನ್ಯಾಗ ನಡೀತದ, ಅದು ತೋಳಿನ ಉದ್ದ ದೂರ ಇರ್ತದ, ತಲಿ ಸ್ವಲ್ಪ ತಿರುವಿದ್ರ ಸಾಕು, ರೈಫಲ್‌ದಂಗ ಕೆನ್ನಿಗೆ ಹಚ್ಚಂಗಿಲ್ಲ.

ಈಗ ಬಾರೂದಿನ ಪಿಸ್ತೂಲಿನ ಮಾತು. ಏರ್ ಪಿಸ್ತೂಲ್ ಕೈಗೆ ಪೂರಾ ಕೂಡದೇ ಅದರ ಹತ್ರ ಹೋಗಬಾರದು ಅಂತ ನನ್ನ ಅಭಿಪ್ರಾಯ, ಅದಕ್ಕ ಕಾರಣ ಅದ. ಏರ್ ಪಿಸ್ತೂಲಿನ್ಯಾಗ ಒಂದು ಸಲಕ್ಕ ಒಂದೇ ಛರ‍್ರಿ. ಮ್ಯಾಗಜಿನ್, ಅಂದ್ರ ಗುಂಡು ತುಂಬೋ ಡಬ್ಬಿ, ಇರೋ ಪಿಸ್ತೂಲಿನ್ಯಾಗ ಒಂದು ಹೋದ ಕೂಡ್ಲೇ ಇನ್ನೊಂದು ತಾನೇ ಬಂದು ಕೂಡ್ತದ. ಖಾಲಿ ಮಾಡೋವಾಗ ಮೊದಲು ಮ್ಯಾಗಜಿನ್ ತೆಗೀಬೇಕು, ಆಮ್ಯಾಲ ಮ್ಯಾಲಿನ ಜಾರೋ ಭಾಗ, ಅದಕ್ಕ ಸ್ಲೈಡ್ ಅಂತಾರ, ಹಿಂದಕ ಎಳೆದು ಒಳಗಿನದು ತೆಗೀಬೇಕು. ಇದನ್ನ ಉಲ್ಟಾ ಮಾಡಿದ್ರ ಒಂದು ಹೊರಗ ಬೀಳ್ತದ, ಮ್ಯಾಗಜಿನ್‌ನಿಂದ ಇನ್ನೊಂದು ಒಳಗ ಹೋಗ್ತದ, ಮನುಷ್ಯ ಖಾಲಿ ಆಯ್ತು ಅಂತ ತಿಳ್ಕೋತಾನ. ಅನಾಹುತ ಆಗೋದೇ ಇಲ್ಲಿ. ಒಂದು ಕೈಯವರಿಗೆ ಈ ಸ್ಲೈಡ್ ಎಳಿಯೋದೇ ದೊಡ್ಡ ತೊಡಕು, ಹಿಂದಿನ ಗಾಡಿ ಬೆಲ್ಟಿಗೋ ಟೇಬಲ್ ಅಂಚಿಗೋ ಸಿಗಿಸಿ ಕೆಳಗ ದೂಡೋ ಪದ್ಧತಿ ಅದ, ಕೈಗೆ ಗಾಯ ಆದಾಗ ಹೆಂಗ ಮಾಡಬೇಕಂತ ಪೊಲೀಸ್ ಮಿಲಿಟರಿ ಟ್ರೇನಿಂಗಿನ್ಯಾಗ ಕಲಿಸ್ತಾರ. ಆದ್ರ ಹಂಗ ದೂಡೋವಾಗ ಮೂತಿ ತೊಡಿ ಕಡಿ ತಿರುಗ್ತದ, ಬಲ ಹಾಕೋವಾಗ ಬೆರಳು ತಾನೇ ಮಡಚ್ತದ. ವಿಡಿಯೋ ನೋಡಿ ಮನಿಯಾಗ ಮಾಡೋ ಕೆಲಸ ಅಲ್ಲ ಇದು, ಕಲಿಸೋರು ಬಾಜೂಕ ನಿಂತಿರಬೇಕು, ನಕಲಿ ಗುಂಡು ಹಾಕೇ ನೂರಾರು ಸಲ ಮಾಡಬೇಕು. ರೇಂಜಿನ್ಯಾಗ ಅಂತೂ ಅದರ ಗರಜೇ ಇಲ್ಲ, ಇಟ್ಟು ಕೈ ಎತ್ತಿದ್ರ ಆಫೀಸರ್ ಬರ್ತಾರ.

ಈ ಪಿಸ್ತೂಲಿನ್ಯಾಗ ಖಾಲಿ ಗುಂಡು ಸಿಕ್ಕೊಳ್ಳೋದು ಯಾಕ ಅನ್ನೋದೂ ತಿಳೀಬೇಕು. ಗುಂಡು ಹೋದ ಜೋರಿಗೆ ಸ್ಲೈಡ್ ಹಿಂದಕ ಹೋಗಿ ಖಾಲಿ ಕೇಸ್ ಹೊರಗ ಎಸೆದು, ಸ್ಪ್ರಿಂಗಿನ ಬಲಕ್ಕ ಮುಂದ ಬಂದು ಹೊಸದು ತೊಗೊಳ್ತದ. ಇದು ಆಗಬೇಕಂದ್ರ ಕೆಳಗಿನ ಚೌಕಟ್ಟು ಗಟ್ಟಿ ನಿಂತಿರಬೇಕು. ಮಣಿಕಟ್ಟು ಸಡಿಲ ಇದ್ರ ಚೌಕಟ್ಟೂ ಸ್ಲೈಡಿನ ಜೋಡಿ ಹಿಂದಕ ಹೋಗ್ತದ, ಜೋರು ಅರ್ಧಕ್ಕೇ ಮುಗೀತದ, ಕೇಸ್ ಬಾಯಿಯಾಗ ಸಿಕ್ಕೊಂಡು ಚಿಮಣಿಯಂಗ ನಿಲ್ತದ. ಪಿಸ್ತೂಲ್ ಕೆಟ್ಟದ ಅಂತ ಬೈತಾರ, ಕೆಟ್ಟಿರೋದು ಹಿಡಿತ. ಟ್ರಿಗರ್ ಒತ್ತಿದ್ರೂ ಗುಂಡು ಹಾರಲಿಲ್ಲ ಅಂದ್ರ ಕೂಡ್ಲೇ ತಿರುವಿ ನೋಡಬಾರದು, ತಡವಾಗಿ ಹಾರೋ ಗುಂಡೂ ಇರ್ತಾವ, ಗುರಿ ಕಡಿನೇ ಹಿಡಿದು ಅರ್ಧ ನಿಮಿಷ ಕಾಯಬೇಕು.

ಕಾನೂನು ಎರಡು ಮಾತಿನ್ಯಾಗ. ಬಾರೂದಿನ ಹತ್ಯಾರಕ್ಕ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ನಳಿಗಿ ಬಾಯಿ 0.177 ಇಂಚು, ಹೊಡತದ ಜೋರು 20 ಜೂಲ್, ಇವೆರಡನ್ನೂ ದಾಟದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬ್ಯಾಡ, ಮ್ಯಾಚಿನ ಏರ್ ಪಿಸ್ತೂಲಿನ ಜೋರು 20 ಜೂಲ್‌ಗಿಂತ ಭಾಳ ಕಮ್ಮಿ. ಲೈಸೆನ್ಸ್ ಇದ್ದವರೂ ಮದಿವಿ ಮೆರವಣಿಗಿಯಾಗ ಖುಷಿಗೆ ಅಂತ ಅಜಾಗರೂಕತೆಯಿಂದ ಹಾರಿಸಿದ್ರ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದ ತನಕ ಜೇಲು, ಲಕ್ಷ ರೂಪಾಯಿ ತನಕ ದಂಡ, ಇಲ್ಲಾ ಎರಡೂ.

ನಮ್ಮ ಕಡಿ ಬಿಸಿಲಿಂದೂ ಹೇಳಬೇಕು. ಏರ್ ಪಿಸ್ತೂಲಿನ ಸಿಲಿಂಡರಿನ್ಯಾಗ 200 ಬಾರ್ ತನಕ ಗಾಳಿ ಇರ್ತದ, ಏಪ್ರಿಲ್ ಮೇ ತಿಂಗಳಾಗ ಕಾರಿನ್ಯಾಗ ಬಿಟ್ಟು ಹೋಗಬ್ಯಾಡ್ರಿ. ಅದರ ಮ್ಯಾಲ ಇಸವಿ ಹಾಕಿರ್ತಾರ, ಹತ್ತು ವರ್ಷದ ಮ್ಯಾಲ ವಾಪರಸಂಗಿಲ್ಲ. ಗಾಳಿ ತುಂಬೋವಾಗ ತಿರುವಲಾಕ ಎರಡು ಕೈ ಬೇಕು, ನಾನು ಬಾಜೂಕಿನವರನ್ನ ಕರೀತೀನಿ, ಅದರಾಗ ನಾಚಿಗಿ ಏನೂ ಇಲ್ಲ. ಡಬ್ಬಿಗೆ ಹಾಕೋಕಿನ ಮೊದಲು ನಳಿಗಿ ಉದ್ದಕ ಕೇಸರಿ ಬಣ್ಣದ ಸುರಕ್ಷಾ ದಾರ ತೂರಿಸಿ ಇಡಬೇಕು, ಎರಡೂ ತುದಿ ಹೊರಗ ಕಾಣಬೇಕು, ದೂರದಿಂದ ನೋಡಿದವರಿಗೂ ಒಳಗ ಏನೂ ಇಲ್ಲ ಅಂತ ಗೊತ್ತಾಗ್ತದ.

ಆ ಶಹಾಪುರ ಹುಡುಗ ಅವತ್ತು ಸಂಜಿ ತನಕ ಇದ್ದ. ಛರ‍್ರಿ ಇಲ್ಲದೇ ಬರೀ ಇಡೋದು, ಬಿಡೋದು, ಹಿಡಿಯೋದು, ಇಷ್ಟೇ ಮಾಡಿಸಿದೆ, ಐವತ್ತು ಸಲ ಆಗಿರಬೇಕು, ಬ್ಯಾಸರ ಮಾಡ್ಕೊಳ್ಳಲಿಲ್ಲ. ಕಡೀಕ ಐದು ಛರ‍್ರಿ ಕೊಟ್ಟೆ, ಎರಡು ಕರೀದರಾಗ ಬಿದ್ದವು. ಹೊರಟಾಗ ಖಾರಾ ಪುಡಿಕಿ ತೆಗೆದು ನನಗೂ ಚಾಚಿದ. ತಡಿ ತಮ್ಮಾ ಅಂದೆ, ಛರ‍್ರಿ ಸೀಸದ್ದು, ಕೈ ತೊಳೀದೇ ಏನೂ ಬಾಯಿಗೆ ಹಾಕಂಗಿಲ್ಲ. ಅವ ನಳದ ಕೆಳಗ ಕೈ ಹಿಡಿದು ಸುಮ್ನೆ ನಿಂತ, ಒಂದೇ ಕೈನ ಯಾವುದರಲೆ ತಿಕ್ಕಬೇಕು ಅಂತ ಎರಡು ವರ್ಷ ಆದ್ರೂ ಅವನಿಗೆ ಯಾರೂ ತೋರಿಸಿರಲಿಲ್ಲ. ನಮ್ಮ ಶೆಡ್ಡಿನ ತೊಟ್ಟಿ ಅಂಚಿಗೆ ಬಟ್ಟಿ ತಿಕ್ಕೋ ಬ್ರಷ್ ಒಂದನ್ನ ಕೂದಲು ಮ್ಯಾಲ ಮಾಡಿ ಎರಡು ಸ್ಕ್ರೂ ಹಾಕಿ ಕೂಡ್ಸೀನಿ. ಸಾಬಾಣ ಅದರ ಮ್ಯಾಲ ಹಚ್ಚಿ, ಅಂಗೈ ಇಟ್ಟು ಹಿಂದ ಮುಂದ ತಿಕ್ಕಿ ತೋರಿಸಿದೆ, ಆಮ್ಯಾಲ ಬೆರಳ ಸಂದು, ಆಮ್ಯಾಲ ಉಗುರು. ಅವ ಭಾಳ ಹೊತ್ತು ತಿಕ್ಕೊಂಡ. ಆಮ್ಯಾಲ ಆ ಬ್ರಷ್ ಎಲ್ಲಿ ಸಿಗ್ತದ, ಸ್ಕ್ರೂ ಎಷ್ಟು ಉದ್ದಂದು ಅಂತ ಕೇಳಿ ಫೋನಿನ್ಯಾಗ ಫೋಟೋ ಹೊಡಕೊಂಡ.